ಗೋಕಾಕ್ ಫಾಲ್ಸೋ, ಗೊಡಚಿನಮಲ್ಕಿಯೋ, ಸೊಗಲವೋ, ಬಾದಾಮಿಯ ಅಕ್ಕ-ತಂಗಿಯೋ? ನೀರಿನ ಮೂಲ ನೋಡಿ ಆರಿಸಿ

ಬೆಳಗಾವಿಯಲ್ಲಿ ಜಡಿಮಳೆ ಹಿಡಿದ ವಾರವೇ ಗೋಕಾಕ್ ಫಾಲ್ಸಿಗೆ ಹೋಗಿ, ಕಪ್ಪು ಬಂಡೆಯ ಮೇಲೆ ನಾಲ್ಕು ಬಿಳಿ ಎಳೆಯಷ್ಟೇ ನೀರು ನೋಡಿ ಮರಳಿದವರಿದ್ದಾರೆ. ಊರಲ್ಲಿ ಹನಿ ಮಳೆಯಿಲ್ಲದ ಆಗಸ್ಟಿನ ಬಿಸಿಲಲ್ಲಿ ಅಲ್ಲೇ ನಿಂತು, ಪಕ್ಕದವರ ಮಾತೂ ಕೇಳಿಸದಂಥ ಮೊರೆತ ಕೇಳಿ ಬಂದವರೂ ಇದ್ದಾರೆ. ಎರಡೂ ಅದೃಷ್ಟದ ಮಾತಲ್ಲ. ಗೋಕಾಕಿಗೆ ಬೀಳುವ ನೀರು ಗೋಕಾಕಿನದೂ ಅಲ್ಲ, ಬೆಳಗಾವಿ ಪೇಟೆಯದೂ ಅಲ್ಲ. ಅದು ಸಹ್ಯಾದ್ರಿಯ ನೆತ್ತಿಯಿಂದ ಇಳಿದು, ನಡುವೆ ಅಣೆಕಟ್ಟಿನ ಗೇಟು ದಾಟಿ ಬರುವ ನೀರು. ಬಾದಾಮಿಯ ಅಕ್ಕ-ತಂಗಿ ಜಲಪಾತದ ಕತೆ ಇದಕ್ಕೆ ಪೂರ್ತಿ ತಿರುಗುಮುರುಗು. ಅಲ್ಲಿ ಘಟ್ಟದ ಮಳೆಯ ಲೆಕ್ಕವೇ ಇಲ್ಲ, ತಲೆಯ ಮೇಲಿನ ಮೋಡ ಒಡೆದರಷ್ಟೇ ನೀರು.

ಹಾಗಾಗಿ ಯಾವ ಜಲಪಾತ ಚಂದ ಎಂದು ಕೇಳುವುದಕ್ಕಿಂತ, ಈ ವಾರ ಎಲ್ಲಿಯ ಮಳೆ ಯಾವ ಬಂಡೆಗೆ ಮುಟ್ಟುತ್ತದೆ ಎಂದು ಕೇಳಬೇಕು. ಸ್ಥಳಪುರಾಣ ಕೇಳುವ ಆಸೆಯಿದ್ದರೂ ಇದೇ ದಾರಿ. ನಮ್ಮ ಭಾಗದಲ್ಲಿ ಕತೆಗಳು ನೀರಿನ ಮೂಲಕ್ಕೇ ಅಂಟಿಕೊಂಡಿವೆ: ನದಿಯ ಹೆಸರಲ್ಲಿ ಋಷಿ, ಹೊಂಡದ ಹೆಸರಲ್ಲಿ ಋಷಿ, ಝರಿಯ ಬುಡದಲ್ಲಿ ಲಿಂಗ.

ಮಳೆಯ ಲೆಕ್ಕ ಮೊದಲು

ಒಕ್ಕಲಿಗರ ಮಳೆ ನಕ್ಷತ್ರಗಳು ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತವೆ. ಪುನರ್ವಸು, ಪುಷ್ಯ, ಆಶ್ಲೇಷಾ ಮಳೆಗಳು, ಅಂದರೆ ಜುಲೈ ಮೊದಲ ವಾರದಿಂದ ಆಗಸ್ಟ್ ನಡುವಿನ ತನಕ, ಘಟ್ಟದ ಮಳೆಯ ಜೋರು ಕಾಲ. ಗೋಕಾಕ್ ಮತ್ತು ಗೊಡಚಿನಮಲ್ಕಿ ಆಗಲೇ ತುಂಬುವುದು. ಉತ್ತರಿ ಮತ್ತು ಹಸ್ತ ಮಳೆ, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಎರಡನೇ ವಾರದ ತನಕ, ಬಯಲುಸೀಮೆಯದು. ಮಧ್ಯಾಹ್ನ ಸೆಕೆ ಏರಿ, ಸಂಜೆ ಗುಡುಗು-ಮಿಂಚಿನೊಂದಿಗೆ ಒಂದೆರಡು ತಾಸು ಸುರಿದು ನಿಲ್ಲುವ ಮಳೆ. ಬಾಗಲಕೋಟೆ, ವಿಜಯಪುರ ಕಡೆ ವರ್ಷದಲ್ಲೇ ಹೆಚ್ಚು ಮಳೆ ಸೆಪ್ಟೆಂಬರಿನಲ್ಲಿ ಬೀಳುತ್ತದೆ. ಅಂತರ ಎಷ್ಟೆಂದರೆ, ಹಿರಣ್ಯಕೇಶಿ ಹುಟ್ಟುವ ಆಂಬೋಲಿಯಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆಯಾದರೆ ಬಾಗಲಕೋಟೆ ಜಿಲ್ಲೆಗೆ ಸಿಗುವುದು 600 ಮಿ.ಮೀ.ಗಿಂತ ಕಡಿಮೆ.

ಆದ್ದರಿಂದ ಜುಲೈನಲ್ಲಿ ಅಕ್ಕ-ತಂಗಿ ನೋಡಲು ಬಾದಾಮಿಗೆ ಹೋದರೆ ಒಣ ಬಂಡೆ ಕಾಣುವ ಸಂಭವವೇ ಹೆಚ್ಚು. ಸೆಪ್ಟೆಂಬರ್ ಕೊನೆಗೆ ಗೋಕಾಕಿಗೆ ಹೋದರೆ ನೀರು ಇರಬಹುದು, ಆದರೆ ಅದರ ಅಬ್ಬರ ಮುಗಿದಿರುತ್ತದೆ.

ಗೋಕಾಕ್ ಫಾಲ್ಸ್: ನೀರಿನ ಗಾತ್ರ ನೋಡಬೇಕೆನ್ನುವವರಿಗೆ

ನಮ್ಮ ಕಡೆ ‘ಗೋಕಾಕ್ ಫಾಲ್ಸ್’ ಎನ್ನುವುದು ಜಲಪಾತದ ಹೆಸರಷ್ಟೇ ಅಲ್ಲ, ಅಲ್ಲಿರುವ ಊರಿನ ಹೆಸರೂ ಹೌದು. ಗೋಕಾಕ್ ಪಟ್ಟಣದಿಂದ ಸುಮಾರು 6 ಕಿ.ಮೀ., ಬೆಳಗಾವಿಯಿಂದ 60 ಕಿ.ಮೀ. ಆಸುಪಾಸು. ರೈಲಿಗೆ ಬರುವವರು ಘಟಪ್ರಭಾ ನಿಲ್ದಾಣದಲ್ಲಿ ಇಳಿಯಬೇಕು.

ಘಟಪ್ರಭೆ ಇಲ್ಲಿ ಸುಮಾರು 52 ಮೀಟರ್, ಅಂದರೆ 170 ಅಡಿ ಎತ್ತರದಿಂದ ಕುದುರೆ ಲಾಳದ ಆಕಾರದ ಅಂಚಿನ ಮೇಲೆ ಹಾರುತ್ತಾಳೆ. ಪ್ರವಾಹ ಬಂದಾಗ ಅಂಚಿನ ಅಗಲ ಸುಮಾರು 177 ಮೀಟರ್. ಅಷ್ಟಗಲ ನೀರು ಒಂದೇ ಪರದೆಯಾಗಿ ಬೀಳುವುದನ್ನು ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಲ್ಲಿ ಬೇರೆಲ್ಲೂ ನೋಡಲಾಗದು. ಬಣ್ಣ ಹಾಲಿನಂತಿರುತ್ತದೆ ಎಂದುಕೊಳ್ಳಬೇಡಿ, ತುಂಬಿದ ಘಟಪ್ರಭೆ ಕೆಂಪುಮಣ್ಣಿನ ಬಣ್ಣದವಳು. ಬಿಳಿ ಎಳೆಗಳಾಗಿ ಬೇಕೆಂದರೆ ಪ್ರವಾಹ ಇಳಿದ ಮೇಲೆ, ಆಗಸ್ಟ್ ಕೊನೆಗೋ ಸೆಪ್ಟೆಂಬರಿಗೋ ಬರಬೇಕು. ಫೋಟೊಕ್ಕೆ ಎರಡನೆಯದು ಹಿತ, ಎದೆ ನಡುಗಬೇಕೆಂದರೆ ಮೊದಲನೆಯದೇ.

ಹೋಗುವ ಮೊದಲು ನೋಡಬೇಕಾದದ್ದು ಫಾಲ್ಸಿನ ಮೇಲ್ಭಾಗದಲ್ಲಿ ಘಟಪ್ರಭೆಗೆ ಕಟ್ಟಿದ ಹಿಡಕಲ್ ಅಣೆಕಟ್ಟಿನ ಲೆಕ್ಕ. ಅಲ್ಲಿಯ ರಾಜಾ ಲಖಮಗೌಡ ಜಲಾಶಯಕ್ಕೆ ಹಿಡಿಯುವ ನೀರು 51 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಮುಂಗಾರಿನ ಮೊದಲ ವಾರಗಳಲ್ಲಿ ಘಟ್ಟದಲ್ಲಿ ಎಷ್ಟೇ ಸುರಿದರೂ ಆ ನೀರನ್ನು ಜಲಾಶಯ ಒಳಗೆ ಎಳೆದುಕೊಳ್ಳುತ್ತದೆ. ಆಗ ಫಾಲ್ಸಿಗೆ ನೀರು ಕೊಡುವವಳು ಹಿರಣ್ಯಕೇಶಿ. ಆಂಬೋಲಿಯಿಂದ ಸಂಕೇಶ್ವರದ ಮೇಲೆ ಹಾಯ್ದು ಬರುವ ಈ ನದಿ ಅಣೆಕಟ್ಟಿನ ಕೆಳಗೆ ಘಟಪ್ರಭೆಯನ್ನು ಕೂಡುತ್ತದೆ. ಜಲಾಶಯ ತುಂಬುತ್ತ ಬಂದು ಗೇಟು ಬಿಟ್ಟರೆ ಆಗ ನಿಜವಾದ ಜಲಪಾತ. ಪತ್ರಿಕೆಗಳಲ್ಲಿ ದಿನವೂ ಬರುವ ಜಲಾಶಯದ ಪಟ್ಟಿಯಲ್ಲಿ ‘ಹೊರಹರಿವು’ ಎಂಬ ಕಾಲಂ ನೋಡಿ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಹತ್ತು ಸಾವಿರ ಕ್ಯುಸೆಕ್ ಬಿಟ್ಟಾರೆ ಎಂದರೆ ಸೆಕೆಂಡಿಗೆ 2.8 ಲಕ್ಷ ಲೀಟರ್ ಹೊರಟಿದೆ ಎಂದರ್ಥ. ಗೇಟು ಬಿಟ್ಟ ನೀರು ಗೋಕಾಕ್ ಮುಟ್ಟಲು ಕೆಲವು ತಾಸು ಬೇಕು. ನಡುವೆ ಧೂಪದಾಳದ ಒಡ್ಡಿನಲ್ಲಿ ಕಾಲುವೆಗೆ ಒಂದಷ್ಟು ನೀರು ತಿರುಗುತ್ತದೆ. ಬೇಸಗೆಯಲ್ಲಿ ಫಾಲ್ಸ್ ಬತ್ತುವುದರ ಹಿಂದೆ ಈ ಕಾಲುವೆಯ ಪಾಲೂ ಇದೆ.

ಆದರೆ ಹೊರಹರಿವು ಹೆಚ್ಚಿದಷ್ಟೂ ನೋಟ ಚಂದ ಎಂಬ ಲೆಕ್ಕಕ್ಕೆ ಒಂದು ಮಿತಿ ಇದೆ. ಮಹಾಪೂರ ಬಂದಾಗ ಗೋಕಾಕಿನ ಹತ್ತಿರದ ಲೋಳಸೂರ ಸೇತುವೆಯ ಮೇಲೇ ನೀರು ಹರಿಯುತ್ತದೆ, ರಸ್ತೆ ಬಂದ್ ಆಗುತ್ತದೆ. 2019ರ ಆಗಸ್ಟಿನಲ್ಲಿ ಗೋಕಾಕಿನ ಓಣಿಗಳಿಗೇ ನದಿ ನುಗ್ಗಿತ್ತು. ಜನ ಮನೆ ಬಿಟ್ಟು ಗಂಜಿ ಕೇಂದ್ರದಲ್ಲಿರುವ ಹೊತ್ತಿಗೆ ಅಲ್ಲಿ ಗಾಡಿ ನಿಲ್ಲಿಸಿ ಸೆಲ್ಫಿ ತೆಗೆಯುವುದು ಸಲ್ಲದು. ಪರಿಹಾರದ ಗಾಡಿಗಳ ದಾರಿಗೂ ಅದು ಅಡ್ಡಿ. ಪೂರ ಇಳಿದು ನಾಲ್ಕೈದು ದಿನ ಬಿಟ್ಟು ಬನ್ನಿ, ಆಗಲೂ ನೀರು ಸಾಕಷ್ಟಿರುತ್ತದೆ.

ಫಾಲ್ಸಿನ ಬಳಿ ನದಿಗೆ ಅಡ್ಡವಾಗಿ ಕಟ್ಟಿದ ತೂಗುಸೇತುವೆಯ ಉದ್ದ ಸುಮಾರು 201 ಮೀಟರ್, ಬಂಡೆಯಿಂದ 14 ಮೀಟರ್ ಮೇಲೆ. ನೀರು ಹೆಚ್ಚಿದಾಗಲೂ ದುರಸ್ತಿಯಿದ್ದಾಗಲೂ ಅದನ್ನು ಮುಚ್ಚುತ್ತಾರೆ. ಅದರ ಮೇಲೆ ನಡೆಯುವುದೇ ಮುಖ್ಯ ಆಸೆಯಾಗಿದ್ದರೆ, ಹೊರಡುವ ಮುಂಚೆ ಊರವರನ್ನು ಯಾರನ್ನಾದರೂ ಕೇಳಿಕೊಳ್ಳಿ. ತೆರೆದಿದ್ದರೂ ಒಟ್ಟಿಗೆ ಹೆಜ್ಜೆ ಹಾಕಿ ಕುಣಿಸಬಾರದು. ಎಲ್ಲರ ಹೆಜ್ಜೆ ಒಂದೇ ತಾಳಕ್ಕೆ ಬಿದ್ದರೆ ತೂಗು ಏರುತ್ತಲೇ ಹೋಗುತ್ತದೆ.

ಸ್ಥಳಪುರಾಣದ ಮಟ್ಟಿಗೆ ಗೋಕಾಕ್ ಸೊಗಲದಷ್ಟು ಶ್ರೀಮಂತವಲ್ಲ. ದಡದಲ್ಲಿ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ಗುಡಿಯಿದೆ, ನೋಡದೆ ಬರಬೇಡಿ. ಆದರೆ ಇಲ್ಲಿಯ ನಿಜವಾದ ಕತೆ ಗಿರಣಿಯದು. 1887ರಿಂದ ಈ ಧುಮುಕುವ ನೀರಿನ ಬಲವನ್ನೇ ಹಿಡಿದು ನೂಲಿನ ಗಿರಣಿ ತಿರುಗಿತು, ಅದರ ಸುತ್ತ ಒಂದು ಊರೇ ಹುಟ್ಟಿತು.

ವಯಸ್ಸಾದವರು, ಕೈಗೂಸು ಇರುವವರು ಕಣ್ಣು ಮುಚ್ಚಿ ಆರಿಸಬಹುದಾದ ಜಾಗ ಇದೇ. ಗಾಡಿ ಇಳಿದು ಹೆಚ್ಚು ನಡೆಯಬೇಕಿಲ್ಲ, ಮೇಲಿನಿಂದಲೇ ಪೂರ್ತಿ ನೋಟ ಸಿಗುತ್ತದೆ. ಮರಳುವಾಗ ಕರದಂಟು ತಗೊಳ್ಳುವುದನ್ನು ಯಾರೂ ಹೇಳಿಕೊಡಬೇಕಿಲ್ಲ.

ಗೊಡಚಿನಮಲ್ಕಿ: ನಡೆಯಬಲ್ಲವರಿಗೆ

ಗೋಕಾಕಿನಿಂದ ಸುಮಾರು 15 ಕಿ.ಮೀ. ದೂರ ಮಾತ್ರ, ಆದರೂ ಸ್ವಭಾವ ಬೇರೆ. ನದಿ ಮಾರ್ಕಂಡೇಯ. ಮೊದಲು ಸುಮಾರು 25 ಮೀಟರ್ ಧುಮುಕಿ, ಕಲ್ಲಿನ ಕೊರಕಲಲ್ಲಿ ಸ್ವಲ್ಪ ದೂರ ಹರಿದು, ಮತ್ತೆ ಸುಮಾರು 20 ಮೀಟರ್ ಇಳಿಯುತ್ತದೆ. ಗೋಕಾಕಿನಲ್ಲಿ ನೀವು ನೀರಿನ ಎದುರು ನಿಲ್ಲುತ್ತೀರಿ. ಇಲ್ಲಿ ನೀರಿನ ಜೊತೆ ನಡೆಯುತ್ತೀರಿ. ನಮ್ಮನ್ನು ಕೇಳಿದರೆ, ನಾಲ್ಕರಲ್ಲಿ ಅತಿ ಚಂದದ ಜಾಗ ಇದೇ.

ಮಾಲದಿನ್ನಿ ಕ್ರಾಸಿನಿಂದ ಒಳಗೆ ಹೋಗುವ ದಾರಿ ಕಾಡುದಾರಿ, ಏರಿಳಿತದ್ದು. ಮಳೆ ಬಿದ್ದ ಮರುದಿನ ಸಣ್ಣ ಕಾರಿನ ತಳ ಕಲ್ಲಿಗೆ ತಾಗುತ್ತದೆ, ಜಿಗುಟು ಮಣ್ಣಲ್ಲಿ ಚಕ್ರ ಹೂಳುತ್ತದೆ. ಹೂತ ಮೇಲೆ ಎಕ್ಸಲರೇಟರ್ ಒತ್ತಿದಷ್ಟೂ ಕುಣಿ ಆಳವಾಗುತ್ತದೆ. ಚಕ್ರದ ಮುಂದೆ ಚಪ್ಪಟೆ ಕಲ್ಲು, ಒಣ ಟೊಂಗೆ ಹಾಕಿ ಎರಡನೇ ಗೇರಿನಲ್ಲಿ ನಿಧಾನ ಎಬ್ಬಿಸಬೇಕು. ಗಟ್ಟಿ ನೆಲ ಇರುವಲ್ಲೇ ಗಾಡಿ ಬಿಟ್ಟು ನಡೆದುಬಿಡುವುದು ಅದಕ್ಕಿಂತ ಜಾಣತನ. ತಲಾ ಎರಡು ಲೀಟರ್ ನೀರು, ರೊಟ್ಟಿ-ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡೇ ಹೋಗಿ. ಸಂಜೆ ನಾಲ್ಕರ ಹೊತ್ತಿಗೆ ತಿರುಗಿ ಹೊರಟರೆ ಕತ್ತಲಾಗುವ ಮೊದಲು ರಸ್ತೆ ಮುಟ್ಟಬಹುದು.

ಇಲ್ಲಿಯೂ ನೀರು ನದಿಯ ಮೇಲ್ಭಾಗವನ್ನೇ ನೆಚ್ಚಿದೆ. ಮಾರ್ಕಂಡೇಯ ಖಾನಾಪುರದ ಕಡೆಯ ಗುಡ್ಡದಲ್ಲಿ ಹುಟ್ಟಿ, ಬೆಳಗಾವಿಗೆ ಕುಡಿಯುವ ನೀರು ಕೊಡುವ ರಕ್ಕಸಕೊಪ್ಪವನ್ನು ತುಂಬಿಸಿ, ಶಿರೂರಿನ ಅಣೆಕಟ್ಟನ್ನೂ ದಾಟಿ ಬರಬೇಕು. ಹಿಡಕಲ್‌ಗೆ ಹೋಲಿಸಿದರೆ ಇವು ಬಹಳ ಸಣ್ಣವು, ಬೇಗ ತುಂಬುತ್ತವೆ. ತುಂಬಿದ ಸಣ್ಣ ಜಲಾಶಯದಲ್ಲಿ ಹೊಸ ನೀರು ಹಿಡಿಯಲು ಜಾಗವಿರುವುದಿಲ್ಲ, ಬಂದದ್ದನ್ನು ಬಂದ ಹಾಗೆ ಬಿಡುತ್ತಾರೆ. ಹಾಗಾಗಿ ಬೆಳಗಾವಿಯಲ್ಲಿ ರಾತ್ರಿಯೆಲ್ಲ ಸುರಿದಿದ್ದರೆ ಮರುದಿನ ಗೊಡಚಿನಮಲ್ಕಿಯ ಕೊರಕಲೊಳಗೆ ಇಳಿಯಲೇಬಾರದು. ಎರಡು ಧುಮುಕಿನ ನಡುವೆ ಬಂಡೆಯ ಮೇಲೆ ಕೂತವರಿಗೆ ಮೇಲಿನ ನದಿ ಕಾಣುವುದಿಲ್ಲ. ಕಾಣುವ ಹೊತ್ತಿಗೆ ನೀರು ಎರಡೂ ಬದಿ ಸುತ್ತುವರಿದಿರುತ್ತದೆ.

ಕತೆ ನದಿಯ ಹೆಸರಲ್ಲೇ ಇದೆ. ಹದಿನಾರೇ ವರ್ಷದ ಆಯುಷ್ಯ ಪಡೆದು ಹುಟ್ಟಿದ ಹುಡುಗ, ಯಮ ಬಂದಾಗ ಲಿಂಗವನ್ನು ತಬ್ಬಿ ಕೂತ. ಪಾಶ ಲಿಂಗಕ್ಕೂ ಬಿತ್ತು, ಶಿವ ಎದ್ದು ಬಂದ. ಆ ಬಾಲಕನ ಹೆಸರು ಹೊತ್ತ ನೀರಿನ ದಂಡೆಯಲ್ಲಿ ಮಕ್ಕಳಿಗೆ ಆ ಕತೆ ಹೇಳಲು ಒಳ್ಳೆಯ ಸಂದರ್ಭ. ತಪಸ್ಸಿನ ಜಾಗವೆಂದು ನಡೆದುಕೊಳ್ಳುವ ಯೋಗಿಕೊಳ್ಳವೂ ಗೋಕಾಕಿಗೆ ಹತ್ತಿರವೇ ಇದೆ. ಬೆಳಿಗ್ಗೆ ಗೊಡಚಿನಮಲ್ಕಿ, ಮಧ್ಯಾಹ್ನ ಯೋಗಿಕೊಳ್ಳ, ಸಂಜೆ ಫಾಲ್ಸ್ ಎಂದು ಒಂದೇ ದಿನಕ್ಕೆ ಹೊಂದಿಸಬಹುದು. ಕ್ರಮ ತಿರುಗಿಸಬೇಡಿ, ಕಾಡುದಾರಿ ಬೆಳಕಿದ್ದಾಗಲೇ ಮುಗಿಯಬೇಕು.

ಸೊಗಲ: ಝರಿ ಮತ್ತು ಗುಡಿ ಒಂದೇ ಕಡೆ

ಬೈಲಹೊಂಗಲ-ಸವದತ್ತಿ ನಡುವಿನ ಗುಡ್ಡದ ಕೊಳ್ಳದಲ್ಲಿರುವ ಸೊಗಲದ ಝರಿ ಸಣ್ಣದು. ಗೋಕಾಕ್ ನೋಡಿ ಬಂದವರಿಗೆ ‘ಇಷ್ಟೇನಾ’ ಅನ್ನಿಸಬಹುದು. ಆದರೆ ಸೋಮೇಶ್ವರನ ಗುಡಿ, ಅದರ ಪಕ್ಕದಲ್ಲೇ ಬಂಡೆಯಿಂದ ಇಳಿಯುವ ನೀರು, ಸುತ್ತ ಹಸಿರು ಹೊದ್ದ ಕೊಳ್ಳ ಒಟ್ಟಿಗೆ ಸಿಗುವುದು ಇಲ್ಲಿ ಮಾತ್ರ. ಸುಗೋಲ ಎಂಬ ಮುನಿ ತಪಸ್ಸು ಮಾಡಿದ್ದರಿಂದ ಸೊಗಲ ಎಂದಾಯಿತು, ಶಿವ-ಪಾರ್ವತಿಯರ ಮದುವೆ ನಡೆದದ್ದು ಇಲ್ಲೇ ಎಂಬುದು ಊರವರ ನಂಬಿಕೆ. ಊರಿನ ಹಳಮೆಗೆ ಶಾಸನದ ಆಧಾರವೂ ಇದೆ: ಕಲ್ಯಾಣ ಚಾಲುಕ್ಯರ ತೈಲಪನ ಕಾಲದ, ಕ್ರಿ.ಶ. 980ರ ಸೊಗಲ ಶಾಸನದಲ್ಲಿ ಸವದತ್ತಿಯ ರಟ್ಟರ ಹೆಸರು ಬರುತ್ತದೆ.

ಶ್ರಾವಣ ಸೋಮವಾರ ಮತ್ತು ಶಿವರಾತ್ರಿಗೆ ಜನ ಕಿಕ್ಕಿರಿದಿರುತ್ತಾರೆ. ಭಕ್ತಿಗೆ ಆ ದಿನವೇ ಸರಿ, ನೀರಿನ ಸದ್ದು ಕೇಳಬೇಕೆಂದರೆ ವಾರದ ನಡುವಿನ ಬೆಳಿಗ್ಗೆ ಬನ್ನಿ. ಮೆಟ್ಟಿಲು ಹಾಸುಗಲ್ಲು ಒದ್ದೆಯಿದ್ದಾಗ ಬರಿಗಾಲೂ ಜಾರುತ್ತದೆ, ಮುದುಕರ ಕೈ ಬಿಡಬೇಡಿ. ಜನ ಸ್ನಾನ ಮಾಡುವ ನೀರಿಗೆ ಸೋಪು, ಶಾಂಪೂ ಚೀಟಿ, ಹಳೇ ಬಟ್ಟೆ ಬಿಡುವುದು ಇಲ್ಲಿಯ ದೊಡ್ಡ ಕೇಡು. ಝರಿ ಸಣ್ಣದಾದ್ದರಿಂದ ಕೊಳೆ ತೊಳೆದುಹೋಗುವುದಿಲ್ಲ, ಹೊಂಡದಲ್ಲೇ ಉಳಿಯುತ್ತದೆ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರು ದಾರಿಯಲ್ಲಿ ಸೇರಿಸಿಕೊಳ್ಳಲು ಇದು ಅನುಕೂಲ.

ಬಾದಾಮಿಯ ಅಕ್ಕ-ತಂಗಿ: ಕತೆಗಾಗಿ ಹೋಗಿ, ನೀರು ಸಿಕ್ಕರೆ ಪುಣ್ಯ

ಅಗಸ್ತ್ಯ ತೀರ್ಥವೆಂಬ ಹೊಂಡದ ಹಿಂದಿನ ಕೆಂಪು ಮರಳುಗಲ್ಲಿನ ಗೋಡೆಯಿಂದ ಅಕ್ಕಪಕ್ಕ ಎರಡು ಧಾರೆ. ಅದಕ್ಕೇ ಅಕ್ಕ-ತಂಗಿ. ಹಿಂದೆ ನದಿಯಿಲ್ಲ, ಕೆರೆಯಿಲ್ಲ, ಇರುವುದು ಬೋಳು ಬಂಡೆಯ ನೆತ್ತಿ. ಮರಳುಗಲ್ಲಿನ ಆ ಹಾಸಿನ ಮೇಲೆ ಮಣ್ಣು ತೆಳುವಾದ್ದರಿಂದ ನೀರು ಇಂಗುವುದು ಕಡಿಮೆ. ಮಳೆ ಶುರುವಾಗಿ ಸ್ವಲ್ಪ ಹೊತ್ತಿಗೇ ಧಾರೆ ಹುಟ್ಟುತ್ತದೆ, ಮಳೆ ನಿಂತ ಕೆಲವು ತಾಸಿಗೆ ಬತ್ತುತ್ತದೆ. ಆದ್ದರಿಂದ ಬೆಳಗಾವಿಯಿಂದಲೋ ವಿಜಯಪುರದಿಂದಲೋ ಮಳೆಯ ಸುದ್ದಿ ಕೇಳಿ ಹೊರಟರೆ ತಲುಪುವ ಹೊತ್ತಿಗೆ ಆಟ ಮುಗಿದಿರುತ್ತದೆ. ನೋಡಲೇಬೇಕೆಂದರೆ ಉತ್ತರಿ-ಹಸ್ತ ಮಳೆಯಲ್ಲಿ ಒಂದೆರಡು ರಾತ್ರಿ ಬಾದಾಮಿಯಲ್ಲೇ ತಂಗಿ. ವಿಜಯಪುರದವರಿಗೆ ಬಾಗಲಕೋಟೆ ಮೇಲೆ ನೇರ ರೈಲು ಹಾದಿ. ನಿಲ್ದಾಣದಿಂದ ಊರು ಸುಮಾರು 5 ಕಿ.ಮೀ., ಟಾಂಗಾ, ಆಟೋ ಸಿಗುತ್ತವೆ.

ಮಳೆ ಸುರಿಯುವಾಗ ಗೋಡೆಯ ಬುಡಕ್ಕೆ ಹೋಗಬಾರದು. ಮರಳುಗಲ್ಲಿನ ಬಿರುಕಿಗೆ ನೀರು ಇಳಿದು ಚಕ್ಕೆ ಸಡಿಲವಾಗುತ್ತವೆ, ಧಾರೆಯ ಜೊತೆ ಕಲ್ಲೂ ಬೀಳುತ್ತದೆ. ತೀರ್ಥದ ದಂಡೆಯಿಂದಲೇ ನೋಡಿ. ಸಿಡಿಲು ಇದ್ದರೆ ಗುಡ್ಡದ ನೆತ್ತಿಯ ಕೋಟೆಗೂ ಹತ್ತಬಾರದು. ಮಂಗಗಳು ಕೈಚೀಲ ಕಿತ್ತುಕೊಳ್ಳುತ್ತವೆ, ತಿನ್ನುವ ಪೊಟ್ಟಣ ಕೈಯಲ್ಲಿ ಹಿಡಿದು ಓಡಾಡಬೇಡಿ.

ನೀರಿಲ್ಲದಿದ್ದರೂ ಬಾದಾಮಿಗೆ ಹೋದದ್ದು ದಂಡವಲ್ಲ. ಕತೆಯ ಪಾತ್ರಗಳೇ ಎದುರಿಗಿವೆ. ಇಲ್ವಲ, ವಾತಾಪಿ ಎಂಬ ಅಣ್ಣತಮ್ಮ ರಕ್ಕಸರು. ತಮ್ಮ ಟಗರಾಗುತ್ತಿದ್ದ, ಅಣ್ಣ ಅದನ್ನು ಕಡಿದು ಅಡುಗೆ ಮಾಡಿ ದಾರಿಹೋಕ ಬ್ರಾಹ್ಮಣರಿಗೆ ಉಣಿಸಿ, ‘ವಾತಾಪಿ, ಹೊರಗೆ ಬಾ’ ಎಂದು ಕರೆಯುತ್ತಿದ್ದ. ಹೊಟ್ಟೆ ಸೀಳಿಕೊಂಡು ತಮ್ಮ ಎದ್ದು ಬರುತ್ತಿದ್ದ. ಅಗಸ್ತ್ಯರು ಬಂದು ಉಂಡು, ಹೊಟ್ಟೆ ಸವರಿ ‘ವಾತಾಪಿ ಜೀರ್ಣೋ ಭವ’ ಎಂದರು. ತಮ್ಮ ಮರಳಲಿಲ್ಲ. ಹೊಂಡ ಋಷಿಯ ಹೆಸರಲ್ಲಿದೆ, ಊರಿಗೆ ವಾತಾಪಿಯ ಹೆಸರಿತ್ತು, ಎದುರುಬದುರು ನಿಂತ ಎರಡು ಗುಡ್ಡಗಳೇ ಆ ಅಣ್ಣತಮ್ಮಂದಿರು ಎನ್ನುತ್ತಾರೆ. ಕೂಸಿಗೆ ಉಣಿಸಿದ ಮೇಲೆ ಹೊಟ್ಟೆ ಸವರುತ್ತ ‘ಜೀರ್ಣ ಜೀರ್ಣ ವಾತಾಪಿ ಜೀರ್ಣ’ ಎನ್ನುವ ಅಜ್ಜಿಯರ ಮಾತಿನ ಊರು ಇದು. ತೀರ್ಥದ ನೀರಿಗೆ ಚರ್ಮರೋಗ ಕಳೆಯುವ ಗುಣವಿದೆ ಎಂಬ ನಂಬಿಕೆಯೂ ಇದೆ. ಆದರೆ ಈಗ ಅದು ನಿಂತ ನೀರು, ಬಟ್ಟೆ ಒಗೆಯುವ ನೀರು. ಕೈಮುಗಿಯಿರಿ, ಕುಡಿಯಬೇಡಿ.

ಧಾರೆ ಬತ್ತಿದ ದಿನ ಮಹಾಕೂಟಕ್ಕೆ ಹೋಗಿ. ರಸ್ತೆಯಲ್ಲಿ ಸುಮಾರು 14 ಕಿ.ಮೀ. ಅಲ್ಲಿಯ ವಿಷ್ಣು ಪುಷ್ಕರಣಿಗೆ ನೆಲದೊಳಗಿನ ಒರತೆಯ ನೀರು, ಅದೇ ಅಗಸ್ತ್ಯರ ಕತೆ ಅಲ್ಲಿಯೂ ಇದೆ. ಮಿಂದು ಬರಬೇಕೆನ್ನುವವರಿಗೆ ಯಾವ ಜಲಪಾತಕ್ಕಿಂತಲೂ ಇದು ಮೇಲು.

ಘಟ್ಟದ ಎರಡು ಹೆಸರು

ಈ ನಾಲ್ಕರ ಆಚೆಗೆ, ಜಾಂಬೋಟಿ ಕಡೆಯ ವಜ್ರಪೋಹ ಜಲಪಾತ ಮಹದಾಯಿ ನದಿಯ ಮೇಲಿದೆ, ದಟ್ಟ ಕಾಡಿನೊಳಗೆ. ಮಳೆಗಾಲದಲ್ಲಿ ಖಾನಾಪುರ ಕಾಡಿನ ಜಲಪಾತಗಳಿಗೆ ಅರಣ್ಯ ಇಲಾಖೆ ಪ್ರವೇಶ ನಿರ್ಬಂಧಿಸುವುದುಂಟು. ಅನುಮತಿ ಕೇಳಿಯೇ ಹೊರಡಿ, ಮುಚ್ಚಿದ್ದರೆ ಒಳದಾರಿ ಹುಡುಕಬೇಡಿ. ಜಿಗಣೆಗೆ ಕಾಲುಚೀಲದ ಮೇಲೆ ಉಪ್ಪು ಕಟ್ಟಿದ ಬಟ್ಟೆ ಸವರಿಕೊಳ್ಳಿ.

ದೂಧಸಾಗರಕ್ಕೆ 310 ಮೀಟರ್ ಎತ್ತರ, ಇದು ಗೋವಾ ಗಡಿಯಲ್ಲಿದೆ. ಕಾಡಿನ ಕೊಳದಲ್ಲಿ ಮಿಂದು ಚಿನ್ನದ ಹೂಜಿಯಿಂದ ಸಿಹಿಹಾಲು ಕುಡಿಯುತ್ತಿದ್ದ ರಾಜಕುಮಾರಿ, ಮರೆಯಲ್ಲಿ ನಿಂತು ನೋಡುತ್ತಿದ್ದ ರಾಜಕುಮಾರನಿಗೆ ಕಾಣದಂತೆ ಆ ಹಾಲನ್ನೇ ಸುರಿದು ಪರದೆ ಮಾಡಿಕೊಂಡಳು ಎಂಬುದು ಅದರ ಕತೆ. ಲೋಂಡಾ, ಕ್ಯಾಸಲ್ ರಾಕ್ ಮೇಲೆ ಗೋವಾಕ್ಕೆ ಹೋಗುವ ರೈಲಿನ ಕಿಟಕಿಯಿಂದ ಅದು ಕಾಣುತ್ತದೆ, ಅಷ್ಟೇ ಸಾಕು. ಹಳಿಯ ಮೇಲೆ ನಡೆದು ಹೋಗುವುದು ರೈಲ್ವೆ ಕಾಯ್ದೆಯ 147ನೇ ಕಲಮಿನಂತೆ ಅಪರಾಧ, ಆರು ತಿಂಗಳ ತನಕ ಸೆರೆ ಇಲ್ಲವೇ ಸಾವಿರ ರೂಪಾಯಿ ತನಕ ದಂಡ. ದಂಡಕ್ಕಿಂತ ಸುರಂಗದ ಭಯ ದೊಡ್ಡದು, ಒಳಗೆ ಗಾಡಿ ಬಂದರೆ ಸರಿಯಲು ಜಾಗವಿರುವುದಿಲ್ಲ.

ಎಲ್ಲಿ ಹೋದರೂ ಕೆಡುವುದು ಹೀಗೆ

ಈಜು ಬಲ್ಲವರೂ ಮುಳುಗುತ್ತಾರೆ, ನೀರಿಗೆ ಇಳಿಯುವ ಧೈರ್ಯ ಅವರಿಗಿರುತ್ತದೆ. ಧುಮುಕುವ ನೀರಿನ ಬುಡದಲ್ಲಿ ಗಾಳಿ ಬೆರೆತು ನೊರೆಯಾಗಿರುತ್ತದೆ. ನೊರೆನೀರು ಹಗುರ, ಮೈಯನ್ನು ತೇಲಿಸುವ ಶಕ್ತಿ ಅದಕ್ಕೆ ಕಡಿಮೆ. ಮೇಲಾಗಿ ಬಿದ್ದ ನೀರು ತಳಕ್ಕೆ ಹೋಗಿ ಉರುಳಿ ಮತ್ತೆ ಧಾರೆಯ ಬುಡಕ್ಕೇ ಬರುತ್ತದೆ, ಮನುಷ್ಯನನ್ನೂ ಹಾಗೇ ತಿರುಗಿಸುತ್ತದೆ. ಕೆರೆಯಲ್ಲಿ ಕಲಿತ ಈಜು ಈ ಸುಳಿಗೆ ಸಾಲದು.

ಎರಡನೆಯದು ಪಾಚಿ. ಕಪ್ಪಗೆ ಮಿರುಗುವ ಬಂಡೆಗಿಂತ ಬೂದು ಬಣ್ಣದ ಒರಟು ಬಂಡೆ ಮೇಲು. ರಬ್ಬರ್ ಚಪ್ಪಲಿ ಬೇಡ. ಬೂಟಿನ ಮೇಲೆ ಹಳೇ ಹತ್ತಿಯ ಕಾಲುಚೀಲ ಎಳೆದುಕೊಂಡರೆ ಪಾಚಿಯ ಮೇಲೆ ಹಿಡಿತ ಸಿಗುತ್ತದೆ. ಆದರೂ ಅಂಚಿನಿಂದ ಹತ್ತು ಹೆಜ್ಜೆ ಹಿಂದೆಯೇ ಇರಿ.

ನೀರು ಏರುವ ಮುನ್ನ ಸೂಚನೆ ಕೊಡುತ್ತದೆ. ತಿಳಿಯಾಗಿದ್ದದ್ದು ಕದಡಿ ಕೆಂಪಾಗುವುದು, ಕಸಕಡ್ಡಿ ತೇಲಿ ಬರುವುದು, ಸದ್ದು ದಪ್ಪವಾಗುವುದು. ಇವುಗಳಲ್ಲಿ ಒಂದು ಕಂಡರೂ ಸಾಮಾನು ಬಿಟ್ಟು ಮೇಲಕ್ಕೆ ಹತ್ತಬೇಕು, ನದಿ ದಾಟಿ ಆಚೆಗೆ ಓಡಬಾರದು. ಮೊಬೈಲಿಗೆ ಬಾಗುವವರು, ಚಪ್ಪಲಿ ಹಿಡಿಯಲು ಹೋಗುವವರು ಆಗಲೇ ಕೊಚ್ಚಿಹೋಗುವುದು. ಯಾರಾದರೂ ಬಿದ್ದರೆ ಹಿಂದೆ ಹಾರಬೇಡಿ. ಸೀರೆ, ಪಂಜೆ, ಹಗ್ಗ, ಬಾಯಿ ಮುಚ್ಚಿದ ಖಾಲಿ ನೀರಿನ ಕ್ಯಾನು, ಏನು ಸಿಕ್ಕರೆ ಅದನ್ನು ಎಸೆದು, 112ಕ್ಕೆ ಕರೆ ಮಾಡಿ. ಗೊಡಚಿನಮಲ್ಕಿಯಂಥ ಕೊರಕಲಲ್ಲಿ ಸಿಗ್ನಲ್ ಕೈಕೊಡುತ್ತದೆ. ಹೊರಡುವಾಗಲೇ ಮನೆಯಲ್ಲಿ ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಹೇಳಿ ಬನ್ನಿ.